ಪಿಕ್ಸೆಲ್‌ಗೆ ಗ್ರಾಫೀನ್‌ಓಎಸ್ ಹಾಕಿ ಮೂರು ತಿಂಗಳು: ಬ್ಯಾಂಕು, ಯುಪಿಐ, ಕನ್ನಡ ಕೀಬೋರ್ಡು ಎಲ್ಲದರ ಕಥೆ

ತುಂಗಾದಂಡೆ

ನನ್ನ ಹಳೇ ಫೋನು ಲಾಕ್ ಸ್ಕ್ರೀನಿನ ಮೇಲೆ ಸಾಲದ ಜಾಹೀರಾತು ತೋರಿಸೋಕೆ ಶುರು ಮಾಡಿತ್ತು. "ತುರ್ತು ಸಾಲ ನಿಮ್ಮ ಬೆರಳ ತುದಿಗಳಲ್ಲಿ ಪಡೆಯಿರಿ ಈಗ". ಕನ್ನಡದಲ್ಲೇ, ಅದೂ ಕತ್ತು ಹಿಸುಕಿದ ಕನ್ನಡದಲ್ಲಿ. ಅದನ್ನೂ ಸಹಿಸಿಕೊಂಡೆ. ಒಂದು ದಿನ ಅಡಿಕೆ ಲೆಕ್ಕ ಹಾಕೋಣ ಅಂತ ಕ್ಯಾಲ್ಕ್ಯುಲೇಟರ್ ತೆರೆದರೆ ಮೊದಲು ನಿಯಮ-ನಿಬಂಧನೆಗೆ ಒಪ್ಪಿಗೆ ಕೊಡಿ ಅಂತು. ಕೂಡೋದಕ್ಕೂ ಕಳೆಯೋದಕ್ಕೂ ಎಂಥ ನಿಬಂಧನೆ! ಆವತ್ತು ರಾತ್ರಿ ಕೂತು ಓದೋಕೆ ಶುರು ಮಾಡಿದ್ದು, ಮೂರು ವಾರ ಓದಿ, ಕೊನೆಗೆ ಗೂಗಲ್ ಕಂಪನಿಯದೇ ಸೆಕೆಂಡ್ ಹ್ಯಾಂಡ್ ಪಿಕ್ಸೆಲ್ 8ಎ ತಗೊಂಡು, ಅದರ ಓಎಸ್ (ಫೋನು ನಡೆಸೋ ಮೂಲ ತಂತ್ರಾಂಶ) ತೆಗೆದು ಗ್ರಾಫೀನ್‌ಓಎಸ್ ಹಾಕಿದೆ. ಇದೂ ಆಂಡ್ರಾಯ್ಡೇ, ಆದರೆ ಖಾಸಗಿತನ, ಭದ್ರತೆಗೆ ಅಂತಲೇ ತಿದ್ದಿ ಕಟ್ಟಿದ್ದು.

ಕೊಳ್ಳುವಾಗ ಒಂದು ವಿಷಯ ಗಮನದಲ್ಲಿರಲಿ. ಅಂಗಡಿಯಲ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಯ್ಕೆಗಳನ್ನು ತೆರೆಸಿ, ಬೇರೆ ಓಎಸ್ ಹಾಕೋಕೆ ಅನುಮತಿ ಕೊಡೋ "ಓಇಎಂ ಅನ್‌ಲಾಕಿಂಗ್" ಸ್ವಿಚ್ ಅಲ್ಲಾಡುತ್ತಾ ನೋಡಿ. ಅಮೆರಿಕದಿಂದ ಯಾರೋ ತಂದು ಮಾರಿದ, ಅಲ್ಲಿನ ವೆರಿಝೋನ್ ಮೊಬೈಲ್ ಕಂಪನಿಯ ಫೋನಾಗಿದ್ರೆ ಆ ಸ್ವಿಚ್ ಜನ್ಮದಲ್ಲಿ ಅಲ್ಲಾಡಲ್ಲ. ಅಂಗಡಿಯವರು ವಿಚಿತ್ರವಾಗಿ ನೋಡ್ತಾರೆ, ನೋಡಲಿ.

ಹಾಕೋದು ಸುಲಭ, ನಿಜವಾಗ್ಲೂ. ಲ್ಯಾಪ್‌ಟಾಪಿನಲ್ಲಿ ಕ್ರೋಮ್ ಥರದ ಬ್ರೌಸರ್ ತೆರೆದು, ಅವರ ವೆಬ್ ಇನ್‌ಸ್ಟಾಲರ್ ಪುಟಕ್ಕೆ ಹೋಗಿ, ಫೋನಿಗೆ ಕೇಬಲ್ ಚುಚ್ಚಿ, ಬಟನ್ ಒತ್ತುತ್ತಾ ಹೋಗೋದು: ಬೂಟ್‌ಲೋಡರ್ (ಫೋನು ಆನ್ ಆದಾಗ ಓಎಸ್ಸನ್ನು ಎಬ್ಬಿಸೋ ತಂತ್ರಾಂಶ, ಅದಕ್ಕೊಂದು ಬೀಗ ಇರುತ್ತೆ) ತೆರೆ, ಓಎಸ್ ಇಳಿಸು, ತುಂಬು, ಮತ್ತೆ ಬೂಟ್‌ಲೋಡರ್ ಮುಚ್ಚು. ತೆರೆಯುವಾಗ ಒಮ್ಮೆ, ಮುಚ್ಚುವಾಗ ಒಮ್ಮೆ ಫೋನಿನಲ್ಲಿರೋದೆಲ್ಲ ಅಳಿಸಿಹೋಗುತ್ತೆ, ಅದಕ್ಕೆ ಫೋಟೋ ಮೊದಲೇ ತೆಗೆದಿಡಿ. ಅರ್ಧ ಗಂಟೆ ಕೆಲಸ. ನನಗೆ ಎರಡು ಗಂಟೆ ಹಿಡೀತು. ಯಾಕೆ ಅಂದ್ರೆ ನನ್ನ ಕೇಬಲ್ ಚಾರ್ಜ್ ಮಾಡೋಕೆ ಮಾತ್ರ ಹುಟ್ಟಿದ್ದು, ಡೇಟಾ ಹೋಗಲ್ಲ ಅಂತ ಗೊತ್ತಾಗೋ ಹೊತ್ತಿಗೆ ಡ್ರೈವರ್ರು, ವಿಂಡೋಸು, ನನ್ನ ಹಣೆಬರಹ ಎಲ್ಲವನ್ನೂ ಬೈದಾಗಿತ್ತು.

ಮೊದಲ ಸಲ ಆನ್ ಆದಾಗ ಸುಣ್ಣ ಬಳಿದ ಖಾಲಿ ಮನೆಗೆ ಕಾಲಿಟ್ಟ ಹಾಗೆ. ಗೂಗಲ್ಲಿನ ಒಂದು ಆ್ಯಪೂ ಇಲ್ಲ. ಬ್ರೌಸರ್ ವೆನೇಡಿಯಂ, ಒಂದು ಕ್ಯಾಮೆರಾ, ಪಿಡಿಎಫ್ ಓದೋದು, ಫೋನು, ಮೆಸೇಜು, ಅಷ್ಟೇ. ಪ್ಲೇ ಸ್ಟೋರ್ ಬೇಕಾದ್ರೆ ನೀವೇ ಹಾಕ್ಕೋಬಹುದು. ಆದರೆ ಅದು ಮಿಕ್ಕ ಆ್ಯಪುಗಳ ಹಾಗೆ ಒಂದು ಕೋಣೆಯೊಳಗೇ ಇರಬೇಕು. ಮಾಮೂಲಿ ಫೋನಿನಲ್ಲಿ ಗೂಗಲ್ ಮನೆ ಯಜಮಾನ, ಇಲ್ಲಿ ಬಾಡಿಗೆದಾರ. ಕಾಂಟ್ಯಾಕ್ಟ್ ಬೇಕು, ಲೊಕೇಷನ್ ಬೇಕು ಅಂದ್ರೆ ಬಾಗಿಲು ತಟ್ಟಿ ಕೇಳಬೇಕು.

ಈಗ ಬ್ಯಾಂಕು. ನನಗೆ ಮೂರು ಬ್ಯಾಂಕಲ್ಲಿ ಖಾತೆ ಇದೆ. ಒಂದರ ಆ್ಯಪು ಏನೂ ತಕರಾರಿಲ್ಲದೆ ನಡೀತು. ಇನ್ನೊಂದು ತೆರೆದ ಕೂಡಲೇ ಬಿದ್ದುಹೋಗ್ತಿತ್ತು. ಆ ಆ್ಯಪಿನ ಮಾಹಿತಿ ಪುಟದಲ್ಲಿ "ಎಕ್ಸ್‌ಪ್ಲಾಯ್ಟ್ ಪ್ರೊಟೆಕ್ಷನ್ ಕಂಪ್ಯಾಟಿಬಿಲಿಟಿ ಮೋಡ್" ಅನ್ನೋದನ್ನು ಆನ್ ಮಾಡಿದ ಮೇಲೆ ಸರಿ ಹೋಯ್ತು. (ಗ್ರಾಫೀನಿನ ಮೆಮೊರಿ ಕಾವಲು ಬಹಳ ಕಟ್ಟುನಿಟ್ಟು, ಅಡ್ಡಾದಿಡ್ಡಿ ಬರೆದ ಆ್ಯಪು ಸಿಕ್ಕಿಬೀಳುತ್ತೆ.) ಮೂರನೆಯದು "ನಿಮ್ಮ ಸಾಧನ ಸುರಕ್ಷಿತವಲ್ಲ" ಅಂತ ಹೇಳಿ ಮುಚ್ಚಿಕೊಳ್ಳುತ್ತೆ. ಇವತ್ತಿಗೂ ಅದೇ ಮಾತು.

ಯುಪಿಐ ನನ್ನ ಎರಡು ಸಂಜೆ ತಿಂತು. ಬುದ್ಧಿವಂತಿಕೆ ಮಾಡೋಣ ಅಂತ ದುಡ್ಡಿನ ಆ್ಯಪುಗಳನ್ನೆಲ್ಲ ಬೇರೆ ಯೂಸರ್ ಪ್ರೊಫೈಲಿನಲ್ಲಿ (ಒಂದೇ ಫೋನಿನೊಳಗೆ ಇನ್ನೊಂದು ಫೋನಿದ್ದ ಹಾಗೆ) ಹಾಕಿದ್ದೆ. ಯುಪಿಐ ಆ್ಯಪು ಸಿಮ್ ನಿಮ್ಮದೇ ಅಂತ ಖಚಿತಪಡಿಸಿಕೊಳ್ಳೋಕೆ ಫೋನಿಂದಲೇ ಒಂದು ಎಸ್ಸೆಮ್ಮೆಸ್ ಕಳಿಸುತ್ತಲ್ಲ, ಅದು ಹೋಗ್ತಾನೇ ಇರಲಿಲ್ಲ. ಎರಡನೇ ಪ್ರೊಫೈಲಿಗೆ ಕರೆ ಮತ್ತು ಎಸ್ಸೆಮ್ಮೆಸ್ ಅನುಮತಿ ಡಿಫಾಲ್ಟಾಗಿ ಬಂದ್. ಮುಖ್ಯ ಪ್ರೊಫೈಲಿಗೆ ಬಂದು ಆ ಸ್ವಿಚ್ ಹಾಕಿದ ಮೇಲೆ ಒಂದೇ ಏಟಿಗೆ ಆಯ್ತು. ಮೊದಲು ಪಾವತಿಸಿದ್ದು ಬಸ್ ಸ್ಟ್ಯಾಂಡ್ ಹತ್ರ ಹದಿನೈದು ರೂಪಾಯಿ ಚಹಾಕ್ಕೆ. ಚಹಾದವನಿಗೆ ನನ್ನ ಮುಖದ ಸಂಭ್ರಮ ಅರ್ಥ ಆಗಲಿಲ್ಲ.

ಪ್ರಶ್ನೆ ಇದ್ರೆ ಕೇಳಿ.

ರೈಲ್ವೆಗೇಟು

ಅರ್ಥ ಆಗ್ಲಿಲ್ಲ ಗುರೂ. ಗೂಗಲ್‌ನಿಂದ ತಪ್ಪಿಸಿಕೊಳ್ಳೋಕೆ ಗೂಗಲ್ ಫೋನನ್ನೇ ಕೊಂಡ್ರಾ? ಕಳ್ಳನ ಭಯಕ್ಕೆ ಕಳ್ಳನ ಮನೇಲೇ ಮಲಗಿದ ಹಾಗಾಯ್ತು.

ತುಂಗಾದಂಡೆ

ಎಲ್ಲರೂ ಕೇಳೋ ಪ್ರಶ್ನೆ, ನನ್ನ ಹೆಂಡತಿಯೂ ಕೇಳಿದ್ಲು. ಬೇರೆ ಓಎಸ್ ಹಾಕಿ, ಅದರದೇ ಬೀಗದಿಂದ ಬೂಟ್‌ಲೋಡರನ್ನು ಮತ್ತೆ ಮುಚ್ಚೋಕೆ ಸರಿಯಾಗಿ ಬಿಡೋ ಫೋನುಗಳು ಬೆರಳೆಣಿಕೆ. ಪಿಕ್ಸೆಲ್ ಬಿಡುತ್ತೆ. ಮುಚ್ಚಿದ ಮೇಲೆ ಪ್ರತಿ ಸಲ ಆನ್ ಆಗುವಾಗಲೂ ಓಎಸ್‌ನ ಒಂದು ಅಕ್ಷರ ಬದಲಾಗಿದೆಯಾ ಅಂತ ಫೋನು ಪರೀಕ್ಷೆ ಮಾಡುತ್ತೆ. ಮೇಲಾಗಿ ಪಾಸ್‌ವರ್ಡ್ ಊಹಿಸಿ ಊಹಿಸಿ ಒಡೆಯೋದನ್ನು ತಡೆಯೋಕೆ ಟೈಟನ್ ಎಂ2 ಅಂತ ಬೇರೆಯೇ ಚಿಪ್ಪಿದೆ. ಪಿಕ್ಸೆಲ್ 8ರಿಂದ ಈಚೆಗಿನವಕ್ಕೆ 7 ವರ್ಷ ಅಪ್‌ಡೇಟು. ಕಬ್ಬಿಣ ಗೂಗಲ್ಲಿಂದು, ಬೀಗದಕೈ ನಮ್ಮದು.

ಜೋಳದರೊಟ್ಟಿ

ನಾ ಬ್ಯಾರೆ ಹಾದಿ ಹಿಡಿದೀನ್ರಿ. ಪಿಕ್ಸೆಲ್ ತಗೊಳ್ಳಾಕ ರೊಕ್ಕ ಎಲ್ಲೈತಿ? ಮನ್ಯಾಗ ಬಿದ್ದಿದ್ದ ಐದು ವರ್ಷದ ಹಳೇ ಫೋನಿಗೆ ಲಿನಿಯೇಜ್‌ಓಎಸ್ ಹಾಕಿದೆ, ಅದೂ ಆಂಡ್ರಾಯ್ಡಿನ್ದ ಇನ್ನೊಂದು ರೂಪ. ಸತ್ತ ಫೋನು ಎದ್ದು ಕುಂತಂಗಾತು, ಅಷ್ಟು ಹಗುರ. ಆದ್ರ ಮಜಾ ಏನಂದ್ರ, ಜಿಯೋ ಸಿಮ್ ಹಾಕಿದ್ರ ಕರೀನ ಬರವಲ್ಲದು. ಜಿಯೋದಾಗ 2ಜಿ, 3ಜಿ ಇಲ್ಲ ನೋಡ್ರಿ, ವೋಲ್ಟೀ (4ಜಿ ಮ್ಯಾಲ ಕರೆ ಮಾಡೋದು) ಇಲ್ಲಂದ್ರ ಫೋನು ಬರೇ ಕನ್ನಡಿ. ನನ್ನ ಮಾಡೆಲ್ಲಿಗೆ ವೋಲ್ಟೀ ಸರಿ ಕೂಡ್ಲಿಲ್ಲ. ಅವ್ವ ಮೂರು ದಿನ ಫೋನ್ ಹಚ್ಚಿ ಹಚ್ಚಿ ಸಾಕಾಗಿ ಕಡೀಕ ಬಾಜೂ ಮನೀ ಹುಡುಗನ್ನ ಕಳಿಸಿದ್ಲು, ಜೀವಂತ ಅದಾನೋ ಇಲ್ಲೋ ನೋಡ್ಕೊಂಡು ಬಾ ಅಂತ.

ಈಗ ಬ್ಯಾರೆ ಸಿಮ್ ಹಾಕೀನಿ. ಬ್ಯಾಂಕಿನ ಆ್ಯಪು ಒಂದೂ ಇಲ್ಲ, ಕಿಸೇದಾಗ ರೊಕ್ಕ ಇಟ್ಕೊಂಡು ತಿರಗತೀನಿ. ಸುಖ ಅನಸ್ತೈತಿ ಖರೇ ಹೇಳ್ಬೇಕಂದ್ರ.

ಗಾಣದೆತ್ತು

ಜೋಳದರೊಟ್ಟಿ ಅವರಿಗೆ ಒಂದು ಎಚ್ಚರಿಕೆ, ಬೇಜಾರಾಗಬೇಡಿ. ಲಿನಿಯೇಜ್ ಒಳ್ಳೆಯದೇ, 2016ರ ಡಿಸೆಂಬರಿನಲ್ಲಿ ಸಯಾನೋಜೆನ್‌ಮಾಡ್ ಅನ್ನೋ ಇಂಥದ್ದೇ ಓಎಸ್ ಮುಚ್ಚಿದಾಗ ಅದರ ಬೂದಿಯಿಂದ ಎದ್ದದ್ದು, ಹಳೇ ಫೋನುಗಳನ್ನು ಕಸದಬುಟ್ಟಿಯಿಂದ ಉಳಿಸಿದೆ. ಆದರೆ ಬಹುತೇಕ ಮಾಡೆಲ್ಲುಗಳಲ್ಲಿ ಬೂಟ್‌ಲೋಡರ್ ತೆರೆದೇ ಇರುತ್ತೆ. ಫೋನು ಕೈಗೆ ಸಿಕ್ಕವರು ಓಎಸ್ಸನ್ನೇ ತಿದ್ದಿ ವಾಪಸ್ ಇಟ್ಟರೂ ನಿಮಗೆ ತಿಳಿಯಲ್ಲ. ಚಿಪ್ ಕಂಪನಿ ಕೊಡಬೇಕಾದ ಫರ್ಮ್‌ವೇರ್ ಪ್ಯಾಚು (ಚಿಪ್ಪಿನೊಳಗಿನ ತಂತ್ರಾಂಶದ ಭದ್ರತಾ ತಿದ್ದುಪಡಿ) ನಿಂತುಹೋಗಿದ್ದರೆ ಲಿನಿಯೇಜಿನವರೂ ಏನೂ ಮಾಡಕ್ಕಾಗಲ್ಲ. ಗೂಗಲ್ಲಿಗೆ ಹೋಗೋ ಡೇಟಾ ಕಮ್ಮಿ ಆಗುತ್ತೆ, ನಿಜ. ಖಾಸಗಿತನ ಬೇರೆ, ಭದ್ರತೆ ಬೇರೆ, ಒಂದು ಹೆಚ್ಚಿದಾಗ ಇನ್ನೊಂದು ಇಳಿಯೋದೂ ಉಂಟು.

ಎಷ್ಟು ಡೇಟಾ ಹೋಗುತ್ತೆ ಅಂತ ಕುತೂಹಲ ಇರೋರಿಗೆ: ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಡಗ್ಲಸ್ ಲೀತ್ 2021ರಲ್ಲಿ ಒಂದು ಪಿಕ್ಸೆಲ್ಲನ್ನೂ ಒಂದು ಐಫೋನನ್ನೂ ಮೇಜಿನ ಮೇಲೆ ಸುಮ್ಮನೆ ಇಟ್ಟು ಅಳೆದರು. ಯಾರೂ ಮುಟ್ಟದಿದ್ದರೂ ಎರಡೂ ಸರಾಸರಿ ನಾಲ್ಕೂವರೆ ನಿಮಿಷಕ್ಕೊಮ್ಮೆ ತಮ್ಮ ತಮ್ಮ ಕಂಪನಿಗೆ ಸುದ್ದಿ ಮುಟ್ಟಿಸ್ತಿದ್ವು. 12 ಗಂಟೆಯಲ್ಲಿ ಪಿಕ್ಸೆಲ್ ಗೂಗಲ್ಲಿಗೆ ಕಳಿಸಿದ್ದು ಸುಮಾರು 1 ಎಂಬಿ, ಐಫೋನ್ ಆ್ಯಪಲ್ಲಿಗೆ ಕಳಿಸಿದ್ದು 52 ಕೆಬಿ. ಗೂಗಲ್ ಆಗ ಅಳತೆಯ ರೀತಿಯೇ ಸರಿಯಿಲ್ಲ ಅಂತ ವಾದಿಸಿತ್ತು, ಅದನ್ನೂ ಹೇಳಬೇಕು.

ಕಡಲಕರೆ

ನನ್ನದು ಒಂದೇ ಪ್ರಶ್ನೆ ಮಾರಾಯ್ರೇ. ಕನ್ನಡ ಟೈಪ್ ಮಾಡ್ಲಿಕ್ಕೆ ಆಗ್ತದಾ? ನಾನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ಬರಿಸುವವ. ಅದಿಲ್ಲದಿದ್ರೆ ನನಗೆ ಈ ಖಾಸಗಿತನ ಗೀಸಗಿತನ ಯಾವುದೂ ಬೇಡ.

ತುಂಗಾದಂಡೆ

ಅಯ್ಯೋ, ಇದೇ ನನ್ನ ದೊಡ್ಡ ಕೊರಗು, ಮೊದಲ ಪೋಸ್ಟಲ್ಲಿ ಬರೆಯೋಕೆ ಮರೆತೆ. ಜೊತೆಗೆ ಬರೋ ಕೀಬೋರ್ಡಿನಲ್ಲಿ ಕನ್ನಡ ಇದೆ, ಆದರೆ ಕ ಖ ಗ ಘ ಒತ್ತಿ ಒತ್ತಿ ಬರೆಯೋದು. ಮುಂದಿನ ಪದ ಸೂಚಿಸಲ್ಲ, ಬೆರಳು ಎಳೆದು ಬರೆಯೋದಿಲ್ಲ. ಮೊದಲ ವಾರ "ಒಂದು" ಅಂತ ಬರೆಯೋಕೂ ಅನುಸ್ವಾರ ಹುಡುಕ್ತಾ ಕೂತಿದ್ದೆ. ಸ್ನೇಹಿತರಿಗೆಲ್ಲ "ಸರಿ", "ಹೂಂ" ಅಂತ ಉತ್ತರ. ಯಾಕೋ ಕೋಪ ಮಾಡ್ಕೊಂಡಿದ್ದಾನೆ ಅಂತ ಸುದ್ದಿ ಹಬ್ಬಿತು.

ಆಮೇಲೆ ಎಫ್-ಡ್ರಾಯ್ಡ್ ಅನ್ನೋ ಓಪನ್ ಸೋರ್ಸ್ ಆ್ಯಪುಗಳ ಅಂಗಡಿಯಿಂದ ಹೆಲಿಬೋರ್ಡ್ ಕೀಬೋರ್ಡ್ ಹಾಕಿದೆ, ಅದು ಇಂಟರ್ನೆಟ್ ಅನುಮತಿಯನ್ನೇ ಕೇಳಲ್ಲ. ಕನ್ನಡ ಲೇಔಟ್ ಚೆನ್ನಾಗಿದೆ. ನಿಮ್ಮ ಹಾಗೆ ಇಂಗ್ಲಿಷ್ ಅಕ್ಷರದಿಂದ ಕನ್ನಡ (ಲಿಪ್ಯಂತರ) ಬೇಕಾದ್ರೆ ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದ ಇಂಡಿಕ್ ಕೀಬೋರ್ಡ್ ಇದೆ, ಕನ್ನಡವೂ ಸೇರಿದೆ.

ಅಬ್ಬಲಿಗೆ

ಅದಕ್ಕಿಂತ ಸುಲಭದ ದಾರಿ ಇದೆ. ನಾನು ಗೂಗಲ್ಲಿನ ಕೀಬೋರ್ಡು ಜಿಬೋರ್ಡನ್ನೇ ಹಾಕಿ ಅದರ ನೆಟ್‌ವರ್ಕ್ ಅನುಮತಿ ಕಿತ್ತುಹಾಕಿದ್ದೀನಿ. ಗ್ರಾಫೀನಿನಲ್ಲಿ ಪ್ರತಿ ಆ್ಯಪಿಗೂ ಇಂಟರ್ನೆಟ್ ಕೊಡಬೇಕಾ ಬೇಡವಾ ಅಂತ ಸ್ವಿಚ್ ಇದೆ, ಇಡೀ ಓಎಸ್ಸಿನಲ್ಲಿ ನನಗೆ ಅತಿ ಪ್ರಿಯವಾದದ್ದು ಅದೊಂದೇ. ಬೇಕಾದ ಭಾಷೆ ಇಳಿಸಿಕೊಳ್ಳೋವರೆಗೆ ನೆಟ್ ಕೊಡಿ, ಆಮೇಲೆ ಬಾಯಿ ಹೊಲಿದುಬಿಡಿ. ಮಂಗ್ಲಿಷಿಂದ ಕನ್ನಡ ಆರಾಮಾಗಿ ಬರುತ್ತೆ. ಮಾತಾಡಿದ್ದನ್ನು ಕನ್ನಡದಲ್ಲಿ ಬರೆಯೋದು ಮಾತ್ರ ಹೋಯ್ತು, ಅದಕ್ಕೆ ನೆಟ್ ಬೇಕು.

ಹಾಗೇ ವಾಟ್ಸ್ಯಾಪಿಗೆ ಕಾಂಟ್ಯಾಕ್ಟ್ ಸ್ಕೋಪ್ಸ್ ಹಾಕಿ. ಆ್ಯಪು "ಕಾಂಟ್ಯಾಕ್ಟ್ ಕೊಡು" ಅನ್ನುತ್ತೆ, ಕೊಟ್ಟೆ ಅಂತ ಓಎಸ್ ಹೇಳುತ್ತೆ, ನೀವು ಆರಿಸಿದ ಹನ್ನೊಂದು ಜನ ಬಿಟ್ಟು ಮಿಕ್ಕವರು ಅದರ ಕಣ್ಣಿಗೆ ಕಾಣಲ್ಲ. ಫೋಟೋಗಳಿಗೂ ಸ್ಟೋರೇಜ್ ಸ್ಕೋಪ್ಸ್ ಅಂತ ಇದೇ ಥರದ್ದಿದೆ.

ಕಡಲಕರೆ

ಮಂಗ್ಲಿಷ್ ಅಲ್ಲ ಮಾರಾಯ್ತಿ, ಅದು ಮಲಯಾಳದವರದ್ದು. ನಮ್ಮದು ಕಂಗ್ಲಿಷ್! ಆದರೆ ಐಡಿಯಾ ಭಾರೀ ಲಾಯ್ಕುಂಟು.

ರೈಲ್ವೆಗೇಟು

ಎಲ್ಲ ಸರಿ. ಆದರೆ ಟವರಿಗೆ ನೀವೆಲ್ಲಿದ್ದೀರಿ ಗೊತ್ತು. ಸಿಮ್ ಆಧಾರ್ ಕೊಟ್ಟೇ ತಗೊಂಡಿದ್ದು. ನಿಮ್ಮ ನಂಬರು ನಿಮ್ಮ ಅತ್ತಿಗೆ ಫೋನಲ್ಲಿ "ಶಿವಮೊಗ್ಗ ಭಾವ ಹೊಸದು" ಅಂತ ಸೇವ್ ಆಗಿ, ಅವರ ಟ್ರೂಕಾಲರ್ ಮೂಲಕ ಎಲ್ಲೆಲ್ಲಿಗೋ ಹೋಗಿದೆ. ಊರೆಲ್ಲ ಬಾಗಿಲು ತೆಗೆದಿರುವಾಗ ನೀವೊಬ್ಬರು ಕಿಟಕಿಗೆ ಪರದೆ ಹಾಕಿದ್ರೆ ಏನು ಬಂತು? ಇಷ್ಟಕ್ಕೂ ಏನು ಬಚ್ಚಿಡೋಕಿದೆ?

ತುಂಗಾದಂಡೆ

ಅತ್ತಿಗೆ ವಿಷಯ ನೂರಕ್ಕೆ ನೂರು ನಿಜ, ಹೆಸರೂ ಹೆಚ್ಚುಕಮ್ಮಿ ಅದೇ. ಟವರ್ ವಿಷಯವೂ ನಿಜ. ಈ ಓಎಸ್ ಹಾಕಿದ್ರೆ ಮಾಯ ಆಗ್ತೀನಿ ಅಂತ ನಾನು ಅಂದುಕೊಂಡಿಲ್ಲ. ನನ್ನ ತಕರಾರು ಅದಕ್ಕಿಂತ ಸಣ್ಣದು: ಕ್ಯಾಲ್ಕ್ಯುಲೇಟರು ನನ್ನ ಒಪ್ಪಿಗೆ ಕೇಳಬಾರದು, ಟಾರ್ಚಿಗೆ ನಾನೆಲ್ಲಿದ್ದೀನಿ ಅಂತ ತಿಳಿಯಬಾರದು. ದುಡ್ಡು ಕೊಟ್ಟು ಕೊಂಡ ವಸ್ತು ನನ್ನ ಮಾತು ಕೇಳಬೇಕು. ಅಷ್ಟು ಸಿಕ್ಕಿದೆ.

ಹಳೇಬೇರು

"ಏನು ಬಚ್ಚಿಡೋಕಿದೆ" ಎಂಬ ಪ್ರಶ್ನೆಗೆ ಉತ್ತರ ನಮ್ಮವರೊಬ್ಬರಿಂದಲೇ ಬಂದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಆ ಪ್ರಕರಣದಲ್ಲಿ ಸರ್ಕಾರದ ಪರ ವಕೀಲರು ಸಂವಿಧಾನದಲ್ಲಿ ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ವಾದಿಸಿದರು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹಕ್ಕು ಹೌದು ಎಂದಿತು. ಏನು ಬಚ್ಚಿಡುತ್ತಿದ್ದೀಯ ಎಂದು ಕೇಳುವವನೇ ತನಗೆ ಯಾಕೆ ಬೇಕು ಎಂದು ಮೊದಲು ಹೇಳಬೇಕು. ನಾನು ಆ ತೀರ್ಪನ್ನು ಓದಿಕೊಂಡಿರುವುದು ಹೀಗೆ.

2025ರ ನವೆಂಬರ್ ಕೊನೆಯಲ್ಲಿ ಎಲ್ಲ ಹೊಸ ಫೋನುಗಳಲ್ಲೂ ಸರ್ಕಾರದ ಸಂಚಾರ್ ಸಾಥಿ ಆ್ಯಪ್ ಮೊದಲೇ ಇರಬೇಕು ಎಂದು ದೂರಸಂಪರ್ಕ ಇಲಾಖೆ ಆದೇಶಿಸಿ, ಗದ್ದಲವಾದ ಮೇಲೆ ಡಿಸೆಂಬರ್ 3ಕ್ಕೆ ಕಡ್ಡಾಯವಿಲ್ಲ ಎಂದು ಹಿಂತೆಗೆದುಕೊಂಡಿತಲ್ಲ. ಕಳೆದ ಫೋನು ಹುಡುಕಲು ಆ ಆ್ಯಪು ಉಪಯುಕ್ತವೇ. ತಕರಾರು ಆ್ಯಪಿನ ಬಗ್ಗೆ ಅಲ್ಲ, ಅದನ್ನು ಹಾಕುವವರು ಯಾರು ಎಂಬುದರ ಬಗ್ಗೆ.

ಜೋಳದರೊಟ್ಟಿ

ಯಜಮಾನ್ರ ಮಾತು ಖರೇ. ಅಂದಂಗ ಆ ಐಐಟಿ ಮದ್ರಾಸಿನ್ಯಾವ್ರದು ಸ್ವದೇಶಿ ಓಎಸ್ ಬಂದಿತ್ತಲ್ಲ, ಭರೋಸ್ ಅಂತ, ಅದ ಎಲ್ಲಿಗೆ ಹೋತ್ರೀ?

ಗಾಣದೆತ್ತು

2023ರ ಜನವರಿಯಲ್ಲಿ ಕೇಂದ್ರ ಸಚಿವರಿಬ್ಬರು ಅದರಿಂದ ವಿಡಿಯೋ ಕರೆ ಮಾಡಿ ತೋರಿಸಿದ್ದು. ಐಐಟಿಯಲ್ಲಿ ಪೋಷಣೆ ಪಡೆದ ಜಂಡ್‌ಕಾಪ್ಸ್ ಕಂಪನಿಯದು. ಅದೂ ಆಂಡ್ರಾಯ್ಡಿನ ಮುಕ್ತ ಆಕರದ (ಓಪನ್ ಸೋರ್ಸ್) ಮೇಲೇ ನಿಂತದ್ದು, ಮೊದಲೇ ತುಂಬಿದ ಆ್ಯಪಿಲ್ಲ ಅನ್ನೋದು ಅದರ ಹೆಗ್ಗಳಿಕೆ. ಕಟ್ಟುನಿಟ್ಟಿನ ಗೋಪ್ಯತೆ ಬೇಕಾದ ಸಂಸ್ಥೆಗಳಿಗೆ ಕೊಡ್ತಿದ್ದೀವಿ ಅಂತ ಆವಾಗಲೇ ಹೇಳಿದ್ರು. ನನ್ನಂಥವನು ಇಳಿಸಿಕೊಂಡು ಆಕರ ಓದಿ ನೋಡೋಕೆ ಸಿಗೋವರೆಗೆ ನಾನು ಹೊಗಳೋದೂ ಇಲ್ಲ, ತೆಗಳೋದೂ ಇಲ್ಲ.

ತುಂಗಾದಂಡೆ ಅವರೇ, ಆ ಮೂರನೇ ಬ್ಯಾಂಕಿನ ವಿಷಯ. ಡೆವಲಪರ್ ಆಯ್ಕೆಗಳು ಇನ್ನೂ ಆನ್ ಇವೆಯಾ ನೋಡಿ. ನಮ್ಮ ಬ್ಯಾಂಕುಗಳ ಎಷ್ಟೋ ಆ್ಯಪುಗಳು ಅದನ್ನು ಕಂಡರೆ ಹಾವು ಕಂಡ ಹಾಗೆ ಓಡ್ತಾವೆ.

ತುಂಗಾದಂಡೆ

ಆನ್ ಇತ್ತು! ಓಇಎಂ ಅನ್‌ಲಾಕಿಂಗ್ ವಾಪಸ್ ಆಫ್ ಮಾಡೋಕೆ ತೆರೆದವನು ಹಾಗೇ ಬಿಟ್ಟಿದ್ದೆ. ಈಗ ಮುಚ್ಚಿದೆ... ಆದರೂ ಅದೇ ಮಾತು. ಅಸುರಕ್ಷಿತವಂತೆ.

ಗಾಣದೆತ್ತು

ಹಾಗಾದ್ರೆ ಅದು ಪ್ಲೇ ಇಂಟೆಗ್ರಿಟಿ. ನಿಮ್ಮ ಫೋನು ಗೂಗಲ್ ಮುದ್ರೆ ಒತ್ತಿದ ಓಎಸ್ ಓಡಿಸ್ತಿದೆಯಾ ಅಂತ ಆ್ಯಪು ಗೂಗಲ್ಲನ್ನೇ ಕೇಳುತ್ತೆ. ಗ್ರಾಫೀನ್ ಎಷ್ಟೇ ಗಟ್ಟಿ ಇದ್ದರೂ ಆ ಮುದ್ರೆ ಸಿಗಲ್ಲ. ವರ್ಷಗಟ್ಟಲೆ ಪ್ಯಾಚ್ ಕಾಣದ ಹಳೇ ಫೋನಿಗೂ ನಡುವಿನ ಹಂತದ ಮುದ್ರೆ ಸಿಕ್ಕಿಬಿಡುತ್ತೆ, ತಿಂಗಳು ತಿಂಗಳು ಪ್ಯಾಚ್ ಆಗೋ ನಿಮ್ಮದಕ್ಕೆ ಇಲ್ಲ. ಇದನ್ನು ಭದ್ರತೆ ಅಂತ ಕರೆಯೋದು ನನಗಂತೂ ನಗು ತರಿಸುತ್ತೆ. ಆಂಡ್ರಾಯ್ಡಿನಲ್ಲೇ ಹಾರ್ಡ್‌ವೇರ್ ಅಟೆಸ್ಟೇಷನ್ ಅಂತ ಇದೆ, ಅಂದ್ರೆ ಯಾವ ಓಎಸ್ ಓಡ್ತಿದೆ ಅಂತ ಫೋನಿನ ಚಿಪ್ಪೇ ಸಾಕ್ಷಿ ಹೇಳೋದು, ಅದನ್ನು ಬಳಸಿ ಗ್ರಾಫೀನಿನ ಕೀಲಿಗಳನ್ನು ಬ್ಯಾಂಕು ಒಪ್ಪಬಹುದು. ಹೇಗೆ ಅಂತ ಅವರೇ ಮಾರ್ಗದರ್ಶಿ ಬರೆದಿಟ್ಟಿದ್ದಾರೆ. ಬ್ಯಾಂಕಿಗೆ ಕನ್ನಡದಲ್ಲೇ ಒಂದು ದೂರು ಹಾಕಿ.

ತಟ್ಟಿ ಪಾವತಿಸೋ ಗೂಗಲ್ ಪೇ ಸೌಲಭ್ಯವೂ ಇದೇ ಕಾರಣಕ್ಕೆ ಬರಲ್ಲ. ಕ್ಯೂಆರ್ ಊರಲ್ಲಿ ಅದರ ಚಿಂತೆ ಯಾರಿಗಿದೆ.

ಹ್ಯಾಂಬರ್ಗ್ ಹುಡುಗ

ಜರ್ಮನಿಯಿಂದ. ನನ್ನದು ಫೇರ್‌ಫೋನ್, ಅದರಲ್ಲಿ ಗೇಲ್ ಡುವಾಲ್ ಶುರು ಮಾಡಿದ /ಇ/ಓಎಸ್ ಅನ್ನೋ ಗೂಗಲ್ ಇಲ್ಲದ ಆಂಡ್ರಾಯ್ಡ್ ಅಂಗಡಿಯಿಂದಲೇ ತುಂಬಿ ಬಂತು, ಬೂಟ್‌ಲೋಡರ್ ಅಂತೆಲ್ಲ ತಲೆ ಕೆಡಿಸಿಕೊಳ್ಳಲೇ ಇಲ್ಲ. ಗೂಗಲ್ ಸೇವೆಗಳ ಬದಲು ಮೈಕ್ರೋಜಿ ಅನ್ನೋ ಓಪನ್ ಸೋರ್ಸ್ ತಂತ್ರಾಂಶ. ಪ್ಯಾಚು ತಡವಾಗಿ ಬರುತ್ತೆ, ಗಾಣದೆತ್ತು ಬೈಯೋ ಮೊದಲೇ ಒಪ್ಪಿಕೊಳ್ತೀನಿ. ಇದಕ್ಕೂ ಮೊದಲು ಇಂಥದ್ದೇ ಇನ್ನೊಂದು, ಕ್ಯಾಲಿಕ್ಸ್‌ಓಎಸ್ ಬಳಸ್ತಿದ್ದೆ. 2025ರ ಆಗಸ್ಟಲ್ಲಿ ಅವರು ಬಿಡುಗಡೆ ನಿಲ್ಲಿಸಿ, ಸದ್ಯಕ್ಕೆ ಬೇರೆ ನೋಡಿಕೊಳ್ಳಿ ಅಂದ್ರು. ಸಣ್ಣ ತಂಡ ನಂಬೋದ್ರಲ್ಲಿ ಇದೂ ಒಂದು ಕಷ್ಟ. ಗ್ರಾಫೀನೂ ಹಾಗೇ, 2018ರಲ್ಲಿ ಕಾಪರ್‌ಹೆಡ್ ಕಂಪನಿಯಲ್ಲಿ ಜಗಳ ಆಗಿ ಅದರ ಮುಖ್ಯ ಡೆವಲಪರ್ ಡೇನಿಯಲ್ ಮಿಕೇ ಹೊರಬಂದ ಮೇಲೆ ಹೊಸ ಹೆಸರಲ್ಲಿ ನಿಂತದ್ದು.

ಅಬ್ಬಲಿಗೆ

ಒಂದು ಅನುಭವ ಹೇಳ್ತೀನಿ, ನಗಬೇಡಿ. ಗ್ರಾಫೀನಿನಲ್ಲಿ ಡ್ಯೂರೆಸ್ ಪಿನ್ ಅಂತ ಇದೆ. ಯಾರಾದ್ರೂ ಬಲವಂತ ಮಾಡಿ ತೆರೆಸಿದ್ರೆ ಆ ಪಿನ್ ಒತ್ತೋದು, ಕ್ಷಣದಲ್ಲಿ ಎಲ್ಲ ಅಳಿಸಿಹೋಗುತ್ತೆ, ಇಸಿಮ್ಮೂ ಸೇರಿ. ನಾನು ನೆನಪಿರಲಿ ಅಂತ 1234 ಇಟ್ಟೆ. ಅಕ್ಕನ ಮಗನಿಗೆ ಏಳು ವರ್ಷ. ಗೌರಿ ಹಬ್ಬದ ದಿನ ಎಲ್ಲರೂ ಅಡುಗೆಮನೇಲಿ, ಅವನಿಗೆ ಆಟ ಬೇಕು. ಅವನು ಒತ್ತಿದ ಮೊದಲ ಪಿನ್ ಯಾವುದು ಅಂತ ಬೇರೆ ಹೇಳಬೇಕಾಗಿಲ್ಲ. ಕಡುಬು ಬೇಯೋದ್ರೊಳಗೆ ಫೋನು ಹೊಸದಾಗಿತ್ತು.

ಸೀಡ್‌ವಾಲ್ಟ್ ಬ್ಯಾಕಪ್ ಓಎಸ್ ಒಳಗೇ ಇದೆ, ಮೊದಲ ದಿನವೇ ಹಾಕ್ಕೊಳ್ಳಿ. ನಾನು ಎರಡನೇ ಸಲ ಹಾಕಿಕೊಂಡೆ.

ಜೋಳದರೊಟ್ಟಿ

ಹುಡುಗನ್ನ ಸೈಬರ್ ಠಾಣೆಗೆ ಸೇರಸ್ರಿ, ಮುಂದ ಬರ್ತಾನ.

ತುಂಗಾದಂಡೆ (ಮೂರು ವಾರದ ನಂತರ)

ಅಪ್‌ಡೇಟ್. ಬ್ಯಾಂಕಿಗೆ ಬರೆದೆ. "ನಿಮ್ಮ ಫೋನನ್ನು ಮರುಪ್ರಾರಂಭಿಸಿ ನೋಡಿ" ಅಂತ ಉತ್ತರ ಬಂತು. ಮತ್ತೆ ಬರೆದೆ. ಮತ್ತೆ ಅದೇ ಉತ್ತರ, ಈ ಸಲ ಕೆಳಗೆ ಬೇರೆ ಹೆಸರು. ಈಗ ಆ ಖಾತೆಯನ್ನು ವೆನೇಡಿಯಂ ಬ್ರೌಸರಿನಲ್ಲಿ ನೆಟ್‌ಬ್ಯಾಂಕಿಂಗ್ ಮೂಲಕ ನೋಡ್ಕೊತೀನಿ, ಒಟಿಪಿ ಎಸ್ಸೆಮ್ಮೆಸ್ಸಿಗೆ ಬರುತ್ತೆ, ಸಾಕು. ನೆಟ್ ಇಲ್ಲದ ಕಡೆ ಡಯಲ್ ಮಾಡಿ ಯುಪಿಐ ನಡೆಸೋಕೆ *99# ಇದೆ ಅನ್ನೋದನ್ನ ಮರೆತೇಬಿಟ್ಟಿದ್ವಲ್ಲ ನಾವೆಲ್ಲ.

ಆಫೀಸಿನ ಹಾಜರಿ ಆ್ಯಪು ಒಪ್ಪಲಿಲ್ಲ. ಅದಕ್ಕೋಸ್ಕರ ಹಳೇ ಫೋನು ಆಫೀಸಿನ ಡ್ರಾಯರಿನಲ್ಲೇ ವಾಸ. ಬೆಳಗ್ಗೆ ಒಂಬತ್ತೂವರೆಗೆ ಎಚ್ಚರ ಮಾಡ್ತೀನಿ, ಸಾಲದ ಜಾಹೀರಾತು ತೋರಿಸುತ್ತೆ, ಹಾಜರಿ ಹಾಕಿ ಮಲಗಿಸ್ತೀನಿ.

ಅಮ್ಮನಿಗೂ ಹಾಕಿಕೊಡ್ತೀಯಾ ಅಂತ ಒಬ್ಬರು ಮೆಸೇಜಲ್ಲಿ ಕೇಳಿದ್ರು. ಇಲ್ಲ. ಅವಳಿಗೆ ಯೂಟ್ಯೂಬಿನ ಭಜನೆ, ಮೊಮ್ಮಗಳ ವಿಡಿಯೋ ಕರೆ, ಗ್ಯಾಸ್ ಬುಕಿಂಗ್ ಬೇಕು. ಏನಾದ್ರೂ ಕೈಕೊಟ್ಟಾಗ ಪಕ್ಕದಲ್ಲಿ ನಾನಿರಲ್ಲ. ಅವಳ ಫೋನಿನಲ್ಲಿ ಬೇಡದ ಆ್ಯಪುಗಳನ್ನು ತೆಗೆದು, ಲೊಕೇಷನ್ ಅನುಮತಿಗಳನ್ನು ಒಂದೊಂದಾಗಿ ಕಿತ್ತು, ಜಾಹೀರಾತು ಐಡಿ ಅಳಿಸಿ ಕೊಟ್ಟೆ. ಒಂದು ಮಧ್ಯಾಹ್ನದ ಕೆಲಸ.

ರೈಲ್ವೆಗೇಟು

ಹೇಳೋಕೆ ನಾಚಿಕೆ ಆಗುತ್ತೆ. ತಮ್ಮ ಹೊಸ ಫೋನ್ ತಗೊಂಡ, ಅವನ ಹಳೇ ಪಿಕ್ಸೆಲ್ 7 ನನ್ನ ಕೈಗೆ ಬಂತು. ಭಾನುವಾರ, ಮಳೆ ಬೇರೆ, ಮಾಡೋಕೆ ಕೆಲಸ ಇರಲಿಲ್ಲ. ಓಇಎಂ ಅನ್‌ಲಾಕಿಂಗ್ ಬೂದು ಬಣ್ಣದಲ್ಲಿದೆ, ಒತ್ತಿದ್ರೆ ಏನೂ ಆಗ್ತಿಲ್ಲ. ವೆರಿಝೋನ್ ಅಲ್ಲ, ಇಲ್ಲೇ ತಗೊಂಡಿದ್ದು.

ಗಾಣದೆತ್ತು

ವೈಫೈ ಹಾಕಿದ್ದೀರಾ? ಆ ಸ್ವಿಚ್ ಏಳೋಕೆ ಫೋನು ಒಮ್ಮೆ ಇಂಟರ್ನೆಟ್ಟಿಗೆ ಹೋಗಿ ಕೇಳಿಬರಬೇಕು.

ರೈಲ್ವೆಗೇಟು

ಎದ್ದಿತು. ಆದರೆ ಲ್ಯಾಪ್‌ಟಾಪಿಗೆ ಫೋನೇ ಕಾಣ್ತಿಲ್ಲ.

ತುಂಗಾದಂಡೆ

ಕೇಬಲ್ ಬದಲಾಯಿಸಿ.

ರೈಲ್ವೆಗೇಟು

ಬಂತು ಬಂತು. ಬೀಗವೂ ಹಾಕಿದೆ. ಈಗ ಆನ್ ಮಾಡಿದ್ರೆ ಹಳದಿ ಬಣ್ಣದಲ್ಲಿ ಎಚ್ಚರಿಕೆ, ಬೇರೆ ಓಎಸ್ ತೆರೀತಿದೆ ಅಂತ. ಕೆಟ್ಟೋಯ್ತಾ?

ತುಂಗಾದಂಡೆ

ಇಲ್ಲ, ಅದು ಹಾಗೇ ಬರಬೇಕು, ಪ್ರತಿ ಸಲವೂ ಬರುತ್ತೆ. ಅದರ ಕೆಳಗಿರೋ ಉದ್ದ ಕೀಲಿಯನ್ನು ಅವರ ಪುಟದಲ್ಲಿರೋದಕ್ಕೆ ಹೋಲಿಸಿ ನೋಡಿ. ಒಂದೊಂದು ಅಕ್ಷರವನ್ನೂ.

ರೈಲ್ವೆಗೇಟು

ನೋಡ್ತಿದ್ದೀನಿ. ಅರ್ಧ ಆಯ್ತು. ಅಷ್ಟರಲ್ಲಿ ಯಾರಾದ್ರೂ ಆ ಕನ್ನಡ ಕೀಬೋರ್ಡಿನ ಹೆಸರು ಇನ್ನೊಮ್ಮೆ ಹೇಳಿ.